ಮೂವತ್ತೊಂದನೆಯ ಪುಟ

ಪುಟಸಂಖ್ಯೆಯೇ ತಾರೀಕು ಎಂದು ಮೊದಲ ದಿನವೇ ತೀರ್ಮಾನವಾಯಿತು.
ಒಂದನೇ ಪುಟದಲ್ಲಿ ತುಪ್ಪವಿರಬಹುದು, ಗೋಡಂಬಿ ಎರಡು.
ಹತ್ತಕ್ಕೆ ಬರುವಷ್ಟರಲ್ಲಿ ಎಣ್ಣೆ ಅರ್ಧ ಚಮಚ,
ಇಪ್ಪತ್ತು ದಾಟಿದರೆ ಒಗ್ಗರಣೆ ಅವರವರ ಇಷ್ಟ.
ಇಪ್ಪತ್ತೆಂಟು, ಗಂಜಿ.
ಇದಕ್ಕೆ ಚಿತ್ರ ಬೇಡವೆಂದಳು ಸೆಲ್ವಿ,
ಬಿಳಿ ಹಾಳೆಯ ಮೇಲೆ ಬಿಳಿ ಗಂಜಿ,
ಶಾಯಿಯಾದರೂ ಉಳಿಯಲಿ.

ಪಡುವಾರಹಳ್ಳಿಯಲ್ಲಿ ನಮ್ಮದು ಮಹಡಿಯ ಮೇಲಿನ ಕೋಣೆ,
ಮೂರು ಜನ, ಒಂದೇ ಬರ್ನರು,
ಕಿವಿ ಮುರಿದ ಬಾಣಲೆ.
'ಬೇಕಾಗುವ ಪಾತ್ರೆಗಳು' ಎಂಬಲ್ಲಿ
ಅದನ್ನೇ ಎದುರಿಗೆ ಕೂರಿಸಿಕೊಂಡು ಬರೆದೆ.
ಕಿವಿ ಅಂಟಿಸಲು ಹೋಗಲಿಲ್ಲ.

ಅಳತೆಯದೇ ತಕರಾರು.
ಸೆಲ್ವಿ ಹನೂರಿಗೆ ಫೋನು ಹಚ್ಚುತ್ತಾಳೆ:
ಉಪ್ಸಾರಿನ ಖಾರಕ್ಕೆ ಮೆಣಸಿನಕಾಯಿ ಎಷ್ಟವ್ವಾ?
"ಕಣ್ಣಳತೆ ಕನವ್ವ."
ನನ್ನ ಎದುರು ನಾಲ್ಕು ಕಾಲಮ್ಮು: ಸಾಮಾನು, ತೂಕ, ದರ, ಒಟ್ಟು.
ಕಣ್ಣನ್ನು ಯಾವುದರಲ್ಲಿ ತುಂಬಲಿ?
"ಆರಾಳಿಗೆ ಒಂದು ಹಿಡಿ ಆಯ್ತದೆ, ಬರ್ಕೊ."
ಒಬ್ಬಳಿಗೆ?
ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಕೋಳಿಯ ಸದ್ದು.
"ಒಬ್ಳಿಗೆ ಅಂತ ನಾನು ಯಾವತ್ತು ಮಾಡಿದ್ದೆ ಕನವ್ವ."

ಆಮೇಲೆ ನಾವೇ ಅಳೆದೆವು.
ಕಾಫಿ ಲೋಟ ನಮ್ಮ ಸೇರು,
ಕೆಮ್ಮಿನ ಔಷಧಿಯ ಮುಚ್ಚಳ ಚಮಚ,
ಶುಂಠಿ ಅಂದರೆ ನಸ್ರೀನಳ ಕಿರುಬೆರಳಿನ ಮೇಲಿನ ಗೆಣ್ಣು.
ಅವಳು ಕೈಯನ್ನು ಹಾಳೆಯ ಮೇಲಿಟ್ಟಳು,
ನಾನು ಸುತ್ತ ಪೆನ್ಸಿಲ್ ಎಳೆದೆ.

ದರ ಬರೆಯಲು ಹೋದದ್ದು ದೇವರಾಜ ಮಾರುಕಟ್ಟೆಗೆ, ರಾತ್ರಿ ಎಂಟರ ಹೊತ್ತಿಗೆ,
ಕಂತೆಗಳು ತಲೆಬಾಗಿಸಿ ಅಗ್ಗವಾಗುವ ಹೊತ್ತು.
ಸೊಪ್ಪಿನ ಕೆಂಪಾಜಮ್ಮ ಗೋಣಿಗೆ ನೀರು ಚಿಮುಕಿಸುತ್ತ,
"ಪುಸ್ತಕವಾ? ಬಸಿದ ನೀರು ಚೆಲ್ಲಬ್ಯಾಡಿ ಅಂತ ಮೊದ್ಲು ಬರೀರಿ.
ನೀರೇ ಸಾರು, ಸೊಪ್ಪೇ ಪಲ್ಯ.
ಒಂದ್ಸಲ ಗ್ಯಾಸ್ ಹಚ್ಚು, ಎರಡು ಉಣ್ಣು."
ಹದಿನೈದು ರೂಪಾಯಿಗೆ ಮೂರು ಕಂತೆ ಕೀರೆ, ಮೇಲೊಂದು ಮುನ್ನುಡಿ.
ದಪ್ಪ ಅಕ್ಷರದಲ್ಲಿ ಹಾಕಿದೆ, ಅವಳ ಮಾತಿನಲ್ಲೇ,
ವ್ಯಾಕರಣ ತಿದ್ದದೆ.

ಹದಿಮೂರನೆಯ ಪುಟ ಮೊಟ್ಟೆಯದು.
ಅದರ ಅಂಚಿಗೆ ಮಾತ್ರ ಚುಕ್ಕಿಗೆರೆ:
ಮನೆ ಓನರು ಮೆಟ್ಟಿಲು ಹತ್ತುವ ಸದ್ದಾದರೆ ಇಲ್ಲಿ ಹರಿಯಬಹುದು.
ಹಿಂಬದಿಯಲ್ಲಿ ಸೂಚನೆ:
ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ ಕಾಲೇಜಿಗೆ ಒಯ್ಯಿರಿ,
ಊದುಬತ್ತಿ, ಒಂದು ರೂಪಾಯಿ, ಖರ್ಚಿಗೆ ಸೇರಿಸಿಕೊಳ್ಳಿ.
ಸೆಲ್ವಿ ಬಿದ್ದು ಬಿದ್ದು ನಕ್ಕಳು.
ನಸ್ರೀನ್ ಗೆರೆಯ ಮೇಲೆ ಉಗುರು ಓಡಿಸಿದಳು,
ಈ ಕೋಣೆ ಸಿಗುವ ಮುಂಚೆ ಆರು ಮನೆ ನೋಡಿದ್ದೆ, ಅಂದಳು.
ಅಷ್ಟೇ ಅಂದಳು. ಅಕ್ಕಿ ತೊಳೆಯಲು ಎದ್ದಳು.

ಒಂದು ಪ್ರತಿಗೆ ನಲವತ್ತೆರಡು ಎಂದ ಜೆರಾಕ್ಸಿನ ನಾಗಲಿಂಗು.
ಒಂದು ಊಟಕ್ಕಿಂತ ಊಟದ ಪುಸ್ತಕ ದುಬಾರಿಯಾಗಬಾರದು,
ಸುರುಳಿ ತಂತಿ ಬಿಟ್ಟೆವು, ದಬ್ಬಳದಲ್ಲಿ ಹೊಲಿದೆವು,
ಬಣ್ಣದ ಮುಖಪುಟ ಬಿಟ್ಟೆವು,
ಅರಿಶಿನ ಕಲಸಿ ಅರವತ್ತು ಪ್ರತಿಗೂ ಹೆಬ್ಬೆಟ್ಟು ಒತ್ತಿದೆವು.
ಒಂದು ವಾರ ಪರೀಕ್ಷೆ ಬರೆದದ್ದು ಹಳದಿ ಬೆರಳಿನಲ್ಲಿ.

ಮೂವತ್ತೊಂದಕ್ಕೆ ಏನು ಹಾಕಬೇಕೋ ಮೂವರಿಗೂ ಹೊಳೆಯಲಿಲ್ಲ.
ಡಬ್ಬ ತಟ್ಟಿದರೆ ಡಬ್ಬದ್ದೇ ಸದ್ದು.
ಖಾಲಿ ಬಿಟ್ಟೆವು.

ಮಾಘದಲ್ಲೊಂದು ಪ್ರತಿ ಹೊಲಿಗೆ ಬಿಚ್ಚಿಕೊಂಡು ಅಂಗಡಿಗೆ ಬಂದಿತ್ತು,
ಯಾರದೋ, ಮೂಲೆಗೆಲ್ಲ ಎಣ್ಣೆ.
ಮೊಟ್ಟೆಯ ಹಾಳೆ ಹರಿದಿತ್ತು, ಎಸೆದಿರಲಿಲ್ಲ,
ನಾಲ್ಕಾಗಿ ಮಡಚಿ ಇಪ್ಪತ್ತಾರರಲ್ಲಿ ಬಚ್ಚಿಟ್ಟಿದ್ದರು.
ಕೊನೆಯ ಪುಟದಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ:
ನೀರು ಕುಡಿದು ಬೇಗ ಮಲಗುವುದು.
ಅದರ ಕೆಳಗೆ ಬೇರೆ ಕೈ, ಬೇರೆ ಪೆನ್ನು:
ಮಲಗಬೇಡ್ವೆ, ಮೇಲಕ್ಕೆ ಬಾ. ಅವಲಕ್ಕಿ ನೆನೆಸಿದ್ದೀನಿ.
ಉಪ್ಪು ಮುಗಿದಿದೆ,
ತಗೊಂಡು ಬಾ.